ಮನೆ ಹೊತ್ತ ಬಂಡಿ

ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಯಲ್ಲಿ ಬೆಳಗಿನ ಜಾವಕ್ಕೆ ಎದ್ದು ದಾರಿ ಹಿಡಿದವರಿಗೆ ಈ ನೋಟ ಹೊಸದಲ್ಲ. ಇರುಳಿಡೀ ನಡೆದ ಬಯಲಾಟ ಮುಗಿದಿದೆ. ಭಾಗವತರು ಮಂಗಳ ಹಾಡಿ ಎದ್ದಿದ್ದಾರೆ. ಚೌಕಿಯಲ್ಲಿ ವೇಷಧಾರಿಗಳು ಮುಖದ ಬಣ್ಣ ಒರಸಿಕೊಳ್ಳುತ್ತಿರುವಂತೆಯೇ ಹೊರಗೆ ರಂಗಸ್ಥಳದ ಕಂಬಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಕಿರೀಟ, ಕೇದಗೆಮುಂದಲೆ, ಎದೆಪದಕ, ಭುಜಕೀರ್ತಿಗಳು ಪೆಟ್ಟಿಗೆಗಳನ್ನು ಸೇರುತ್ತವೆ. ಪೆಟ್ಟಿಗೆಗಳು ಲಾರಿಯನ್ನು ಸೇರುತ್ತವೆ. ಸೂರ್ಯ ಮೇಲೇರುವ ಹೊತ್ತಿಗೆ ಅಲ್ಲಿ ಒಂದು ದೇವಲೋಕವೂ ಒಂದು ರಣರಂಗವೂ ಇದ್ದವೆಂಬುದಕ್ಕೆ ತುಳಿದ ಗದ್ದೆಯಲ್ಲದೆ ಬೇರೆ ಸಾಕ್ಷಿಯಿರುವುದಿಲ್ಲ.

ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸಾಲಿಗ್ರಾಮ ಮುಂತಾದ ಮೇಳಗಳನ್ನು ಕಂಡು ಬೆಳೆದ ಈ ನಾಡಿನವರಿಗೆ, ಬೇಕಾದುದೆಲ್ಲವನ್ನೂ ಜತೆಯಲ್ಲೇ ಹೊತ್ತು ಊರಿಂದೂರಿಗೆ ಹೋಗುವುದು ಅಪರಿಚಿತವಾದ ವಿದ್ಯೆಯಲ್ಲ. ಅದಕ್ಕೆ 'ತಿರುಗಾಟ' ಎಂಬ ಸೊಗಸಾದ ಹೆಸರೂ ಉಂಟು. ಪೆಟ್ಟಿಗೆಗಳು ಆಳಿನ ತಲೆಯ ಮೇಲೂ ಎತ್ತಿನ ಗಾಡಿಯಲ್ಲೂ ಸಾಗುತ್ತಿದ್ದ ಕಾಲದಿಂದ ಲಾರಿಯ ಕಾಲಕ್ಕೆ ಬಂದರೂ ತಿರುಗಾಟದ ಮೂಲಸೂತ್ರ ಬದಲಾಗಿಲ್ಲ. ಹೊರಲಾಗುವಷ್ಟನ್ನೇ ಹೊರಬೇಕು, ಹೊರಲೇಬೇಕಾದುದಕ್ಕೆ ತಕ್ಕ ಬಂಡಿಯನ್ನು ಹುಡುಕಬೇಕು.

ಈ ಹಳೆಯ ಸೂತ್ರವನ್ನು ಈಗ ನೆನೆಯಲು ಕಾರಣವಿದೆ. ಪಿಕಪ್ ವಾಹನದ ಬೆನ್ನಿನ ಮೇಲೆ ಹಾಸಿಗೆ, ಒಲೆ, ನೀರಿನ ತೊಟ್ಟಿಗಳುಳ್ಳ ಪುಟ್ಟ ಕೋಣೆಯೊಂದನ್ನು ಕೂರಿಸಿಕೊಂಡು ಕಡಲು, ಕಾಡು, ಘಟ್ಟಗಳನ್ನು ಸುತ್ತಬೇಕೆಂಬ ಆಸೆ ನಮ್ಮ ನಗರಗಳ ಕುಟುಂಬಗಳಲ್ಲೂ ಮೊಳೆಯುತ್ತಿದೆ. ಇಂತಹ ಕೋಣೆಗೆ 'ಕ್ಯಾಂಪರ್' ಎಂದು ಹೆಸರು. ಆಸೆ ಒಳ್ಳೆಯದೇ. ಆದರೆ ಬಂಡಿಯ ಆಯ್ಕೆಯಲ್ಲಿ ತಪ್ಪಿದರೆ ಹಣದ ನಷ್ಟವಷ್ಟೇ ಅಲ್ಲ, ಘಟ್ಟದ ತಿರುವಿನಲ್ಲಿ ಮನೆಮಂದಿಯ ಜೀವಕ್ಕೇ ಸಂಚಕಾರ ಬರಬಹುದು.

ಕಾದಂಬರಿಕಾರನ ಕುದುರೆ

ಈ ಬಗೆಯ ಪ್ರವಾಸವನ್ನು ಸಾಹಿತ್ಯಲೋಕದಲ್ಲಿ ಪ್ರಸಿದ್ಧಗೊಳಿಸಿದವನು ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್. 1960ರಲ್ಲಿ, ತನ್ನ 58ನೆಯ ವಯಸ್ಸಿನಲ್ಲಿ, ಆತ ತನ್ನ ದೇಶವನ್ನು ಮತ್ತೊಮ್ಮೆ ಕಣ್ಣಾರೆ ನೋಡಬೇಕೆಂದು ಹೊರಟ. ಜತೆಗಿದ್ದುದು ಚಾರ್ಲಿ ಎಂಬ ನಾಯಿ. ವಾಹನ ಜಿ.ಎಂ.ಸಿ. ಕಂಪನಿಯ ಪಿಕಪ್ ಟ್ರಕ್ಕು. ಅದರ ಬೆನ್ನಿನ ಮೇಲೆ ದೋಣಿಯ ಕೋಣೆಯಂತೆ ಅಚ್ಚುಕಟ್ಟಾದ ಪುಟ್ಟ ಮನೆ. ಡಾನ್ ಕ್ವಿಕ್ಸಾಟನ ಬಡಕಲು ಕುದುರೆಯ ನೆನಪಿಗಾಗಿ ಆ ಬಂಡಿಗೆ 'ರೊಸಿನಾಂಟೆ' ಎಂದು ಹೆಸರಿಟ್ಟ. ಆ ಪ್ರವಾಸದ ಕಥನ 1962ರಲ್ಲಿ ಪುಸ್ತಕವಾಗಿ ಬಂತು. ಅದೇ ವರ್ಷ ಆತನಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ಆ ಬಂಡಿಯನ್ನು ಕ್ಯಾಲಿಫೋರ್ನಿಯದ ಸಲಿನಾಸ್ ನಗರದಲ್ಲಿ, ಆತನ ಹೆಸರಿನ ಕೇಂದ್ರದಲ್ಲಿ, ಕಾಪಾಡಿ ಇರಿಸಲಾಗಿದೆ.

ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸ್ಟೈನ್‌ಬೆಕ್ ಬಂಡಿಯನ್ನು ಕೇಳಿದ್ದು ಅದರ ಬಣ್ಣವನ್ನೋ ವೇಗವನ್ನೋ ಮುಂದಿಟ್ಟುಕೊಂಡಲ್ಲ. ಮುಕ್ಕಾಲು ಟನ್ನಿನ ವರ್ಗದ ಟ್ರಕ್ಕು ಬೇಕು, ಎಂತಹ ದಾರಿಗೂ ಜಗ್ಗದಂತಿರಬೇಕು, ಎಂದು ಕೇಳಿದ. ಮೊದಲ ಮಾತೇ ತೂಕದ ಮಾತು. ಮೇಳದ ಯಜಮಾನರೂ ಅಮೆರಿಕದ ಕಾದಂಬರಿಕಾರನೂ ಒಪ್ಪುವ ನಿಯಮವಿದು: ಮೊದಲು ಮನೆಯನ್ನು ತೂಗು, ಆಮೇಲೆ ಬಂಡಿಯನ್ನು ಕೊಳ್ಳು. ನಮ್ಮಲ್ಲಿ ಹಲವರು ಮಾಡುವುದು ಇದರ ತದ್ವಿರುದ್ಧ. ಬಂಡಿ ಮೊದಲು ಅಂಗಳಕ್ಕೆ ಬರುತ್ತದೆ. ಅದರ ಮೇಲೆ ಎಷ್ಟು ಹೇರಬಹುದೆಂಬ ಪ್ರಶ್ನೆ ತಿಂಗಳು ಕಳೆದ ಮೇಲೆ ಬರುತ್ತದೆ.

ಮೊದಲು ತಕ್ಕಡಿ

ಬ್ರಹ್ಮಾವರದ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ನಾಲ್ವರ ತೂಕ ಸುಮಾರು 200 ಕಿಲೋ. ಕಬ್ಬಿಣದ ಚೌಕಟ್ಟು, ಪ್ಲೈವುಡ್ ಗೋಡೆ, ಮಾಡು, ಬಾಗಿಲು, ಕಿಟಕಿಗಳ ಕೋಣೆಗೆ 400 ಕಿಲೋ. ಮಂಚ, ಹಾಸಿಗೆ, ಕಪಾಟುಗಳಿಗೆ 100. ಎರಡು ದಿನದ ನೀರೆಂದು 80 ಲೀಟರು. ಒಂದು ಲೀಟರು ನೀರೆಂದರೆ ಒಂದು ಕಿಲೋ ಎಂಬುದನ್ನು ಮರೆಯುವವರೇ ಹೆಚ್ಚು. ಸಣ್ಣ ಗ್ಯಾಸ್ ಸಿಲಿಂಡರು, ಒಲೆ ಸೇರಿ 20. ದೀಪ, ಫ್ಯಾನುಗಳಿಗೆ ಬೇಕಾದ ಬ್ಯಾಟರಿ, ಮಾಡಿನ ಮೇಲಿನ ಸೌರಫಲಕಗಳಿಗೆ 60. ಬಟ್ಟೆಬರೆ, ಪಾತ್ರೆ, ಅಕ್ಕಿಬೇಳೆಗಳಿಗೆ 90. ಹೆಚ್ಚಿನ ಚಕ್ರ, ಜಾಕ್, ಗುದ್ದಲಿ, ಹಗ್ಗಗಳಿಗೆ 50. ಕೂಡಿಸಿದರೆ ಸರಿಯಾಗಿ 1,000 ಕಿಲೋ.

ಎಂದರೆ ಒಂದು ಟನ್ನು. ಒಂದು ಟನ್ನು ಹೊರುವ ಪಿಕಪ್ ಕೊಂಡರೆ ಲೆಕ್ಕ ಸರಿಹೋಯಿತಲ್ಲ ಎನ್ನಬಹುದು. ಸರಿಹೋಗುವುದಿಲ್ಲ. ತಯಾರಕರು ಹೇಳುವ ಮಿತಿ ಎಂಬುದು ದಾಟಬಾರದ ಗಡಿಯೇ ಹೊರತು ದಿನವೂ ಮುಟ್ಟಬೇಕಾದ ಗುರಿಯಲ್ಲ. ಡಾಮರು ಬಿಟ್ಟು ಕಲ್ಲುಹಾದಿಗೆ ಇಳಿದಾಗ ಬಂಡಿ ಹಾರಿ ಬೀಳುತ್ತದೆ. ನಿಂತಲ್ಲಿ ಒಂದು ಟನ್ನಾಗಿದ್ದುದು ಗುಂಡಿಗೆ ಬೀಳುವಾಗ ಸ್ಪ್ರಿಂಗಿನ ಮೇಲೂ ಅಚ್ಚಿನ ಮೇಲೂ ಅದಕ್ಕಿಂತ ಬಹಳ ಹೆಚ್ಚಾಗಿ ಎರಗುತ್ತದೆ. ಆದಕಾರಣ ಐದರಲ್ಲಿ ಒಂದು ಪಾಲನ್ನಾದರೂ ಮೀಸಲಾಗಿ ಬಿಟ್ಟುಕೊಳ್ಳುವುದು ವಿವೇಕ. ಈ ಕುಟುಂಬ ಒಂದೋ ಇನ್ನೂ ಹೆಚ್ಚು ಹೊರುವ ಬಂಡಿಯನ್ನು ಹುಡುಕಬೇಕು, ಇಲ್ಲವೇ 200 ಕಿಲೋ ಇಳಿಸಬೇಕು.

ಇಳಿಸುವುದು ಅಸಾಧ್ಯವಲ್ಲ. ಗೋಡೆಯ ಮೇಲರ್ಧವನ್ನು ಮಡಚುವ ಕ್ಯಾನ್ವಾಸಿನದಾಗಿ ಮಾಡಿದರೆ 150 ಕಿಲೋವರೆಗೆ ಉಳಿದೀತು. ಸೀಸದ ಬ್ಯಾಟರಿಯ ಬದಲು ಲಿಥಿಯಂ ಬ್ಯಾಟರಿ ಇರಿಸಿದರೆ 30 ಕಿಲೋ ಉಳಿದೀತು. ಮಂಚ ಕಪಾಟುಗಳಲ್ಲಿ 20 ಕಿಲೋ ಮುಗಿಸಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರು. ಇಲ್ಲಿ ಅಚ್ಚು ಇದ್ದಷ್ಟು ಹಾಸಿಗೆ ಚಾಚಬೇಕು.

ಮೈಕಟ್ಟಿಗೆ ಮರುಳಾಗಬಾರದು

ಇನ್ನು ಬಂಡಿಯ ಮಾತು. ಪೇಟೆಯಲ್ಲಿ ಕಣ್ಸೆಳೆಯುವ ಪಿಕಪ್‌ಗಳು ಕೆಲವುಂಟು. 2016ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಇಸುಜು ವಿ-ಕ್ರಾಸ್, 2022ರಲ್ಲಿ ಬಂದ ಟೊಯೊಟ ಹೈಲಕ್ಸ್ ಇಂತಹವು. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸುವ ಏರ್ಪಾಡು, ಬಲವಾದ ಎಂಜಿನು, ಕಾರಿನಂತಹ ಮೆತ್ತನೆಯ ಆಸನ, ಎಲ್ಲವೂ ಇವುಗಳಲ್ಲಿವೆ. ಆದರೆ ಇಂತಹ ಬಂಡಿಗಳನ್ನು ಹೊರೆಗಿಂತ ಹೆಚ್ಚಾಗಿ ಸುಖಸವಾರಿಗೆಂದು ರೂಪಿಸಿರುವುದರಿಂದ, ನಮ್ಮ ದೇಶದ ದಾಖಲೆಗಳಲ್ಲಿ ಅವು ಹೊರಬಹುದಾದ ತೂಕ ನೋಟಕ್ಕೆ ತೋರುವುದಕ್ಕಿಂತ ಬಹಳ ಕಡಿಮೆಯಿರಬಹುದು. ನಾಲ್ವರು ಕುಳಿತ ಮೇಲೆ ಬೆನ್ನಿನ ಮೇಲೆ ಡೇರೆ, ಹಾಸಿಗೆಗಳಿಗಷ್ಟೇ ಎಡೆ ಉಳಿದೀತು. ಇಡೀ ಕೋಣೆಗೆ ಅಲ್ಲ.

ಅತ್ತ ಗಂಗೊಳ್ಳಿ, ಮಲ್ಪೆಯ ಬಂದರುಗಳಿಗೆ ಹೋಗಿ ನೋಡಬೇಕು. ಮೀನಿನ ಪೆಟ್ಟಿಗೆಗಳನ್ನೂ ಮಂಜುಗಡ್ಡೆಯನ್ನೂ ಹೇರಿಕೊಂಡು ಉಪ್ಪುನೀರು ಸುರಿಸುತ್ತ ಓಡಾಡುವ ಪಿಕಪ್‌ಗಳಿಗೆ ಅಂದಚೆಂದ ಕಡಿಮೆ, ಬೆನ್ನಿನ ಬಲ ಹೆಚ್ಚು. ಮಹೀಂದ್ರದ ಬೊಲೆರೊ ಪಿಕಪ್‌ಗಳು ಮಾದರಿಗೆ ತಕ್ಕಂತೆ 1.3ರಿಂದ 1.7 ಟನ್ನು ಹೊರುತ್ತವೆ. ಟಾಟಾ ಯೋಧಾದ ಮಾದರಿಗಳಲ್ಲಿ, 2022ರಲ್ಲಿ ಬಂದ ಒಂದು 2 ಟನ್ನಿನವರೆಗೂ ಹೊರುತ್ತದೆ. ಎರಡು ಸಾಲು ಆಸನಗಳಿರುವ ಬೊಲೆರೊ ಕ್ಯಾಂಪರ್ ಒಂದು ಟನ್ನಿನ ವರ್ಗದ್ದು. ಹೆಸರು 'ಕ್ಯಾಂಪರ್' ಎಂದಿದ್ದರೂ ಅದರೊಳಗೆ ಹಾಸಿಗೆಯೂ ಇಲ್ಲ, ಒಲೆಯೂ ಇಲ್ಲ. ಕೆಲಸದಾಳುಗಳನ್ನೂ ಸರಕನ್ನೂ ಒಟ್ಟಿಗೆ ಒಯ್ಯುವ ವಾಹನ ಅದು. ಹೆಸರು ನಂಬಿ ಮೋಸಹೋಗಬಾರದು.

ಇವುಗಳ ಹಿಂಬದಿಯ ಸ್ಪ್ರಿಂಗುಗಳು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದವು. ಬರಿದಾಗಿ ಓಡಿಸಿದರೆ ಸೊಂಟ ಕುಲುಕುತ್ತದೆ. ಹೊರೆ ಬಿದ್ದರೆ ಮೃದುವಾಗುತ್ತವೆ. ಸದಾ ಮನೆ ಹೊರುವ ಬಂಡಿಗೆ ಇದು ದೋಷವಲ್ಲ, ಗುಣವೇ ಸರಿ. ಆದರೆ ಒಂದು ಕೊರತೆಯುಂಟು: ಹೊರೆಯ ಪಿಕಪ್‌ಗಳಲ್ಲಿ ಹೆಚ್ಚಿನವು ಹಿಂದಿನ ಎರಡು ಚಕ್ರಗಳಿಂದಷ್ಟೇ ನಡೆಯುವವು. ನಾಲ್ಕು ಚಕ್ರಗಳಿಂದ ನಡೆಯುವ ಮಾದರಿಗಳು ಬೊಲೆರೊ ಕ್ಯಾಂಪರಿನಲ್ಲೂ ಯೋಧಾದಲ್ಲೂ ಬಂದಿವೆ. ಅವನ್ನು ಹುಡುಕಿ, ಕಾದು ಕೊಳ್ಳಬೇಕಾದೀತು.

ಇನ್ನೊಂದು ಸೂಕ್ಷ್ಮವುಂಟು. ಎರಡು ಸಾಲು ಆಸನದ ಬಂಡಿಯಲ್ಲಿ ಹಿಂದಿನ ತೊಟ್ಟಿ ಗಿಡ್ಡ. ಅದರ ಮೇಲೆ ಉದ್ದನೆಯ ಕೋಣೆ ಕೂರಿಸಿದರೆ ಭಾರ ಹಿಂದಿನ ಅಚ್ಚನ್ನೂ ದಾಟಿ ಹೊರಚಾಚುತ್ತದೆ. ಆಗ ಏರಿನಲ್ಲಿ ಮುಂದಿನ ಚಕ್ರಗಳು ಹಗುರಾಗಿ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ತಕ್ಕಡಿಯ ಒಂದು ತಟ್ಟೆಗೆ ಕಲ್ಲು ಹೇರಿದಂತೆ. ನೀರಿನ ತೊಟ್ಟಿ, ಬ್ಯಾಟರಿ ಮುಂತಾದ ಭಾರದ ವಸ್ತುಗಳನ್ನು ಆದಷ್ಟು ಕೆಳಗೆ, ಆಸನಗಳಿಗೆ ಒತ್ತಿ, ಮುಂಭಾಗದಲ್ಲೇ ಇರಿಸಬೇಕು. ಮಕ್ಕಳ ಜವಾಬ್ದಾರಿ ಮುಗಿದ ದಂಪತಿಗಳಾದರೆ ಒಂದೇ ಸಾಲು ಆಸನದ ಬಂಡಿಯೇ ಲೇಸು: ತೊಟ್ಟಿ ಉದ್ದ, ಹೊರುವ ಶಕ್ತಿಯೂ ಹೆಚ್ಚು.

ಕೊಳ್ಳುವ ಮುನ್ನ ನೋಡಬೇಕಾದ ಸಾಕ್ಷ್ಯಗಳು ಎರಡು. ಒಂದು, ನೋಂದಣಿ ಪತ್ರದ ಲೆಕ್ಕ. ಹೊರೆಸಹಿತ ಗರಿಷ್ಠ ತೂಕದಿಂದ ಬರಿಯ ಬಂಡಿಯ ತೂಕವನ್ನು ಕಳೆದರೆ ಉಳಿಯುವುದೇ ನಿಜವಾದ ಹೊರೆ. ಕುಳಿತವರೂ ಅದರಲ್ಲೇ ಸೇರಿದವರು. ಇನ್ನೊಂದು, ಟಯರಿನ ಕೆನ್ನೆಯ ಮೇಲಿನ ಅಂಕೆ. ಅಲ್ಲಿ 100 ಎಂದಿದ್ದರೆ ಆ ಟಯರು 800 ಕಿಲೋ ಹೊರಬಲ್ಲುದು, 110 ಎಂದಿದ್ದರೆ 1,060 ಕಿಲೋ. ಮನೆ ಕಟ್ಟಿಸಿದ ಮೇಲೆ, ನೀರು ತುಂಬಿಸಿ, ಮಂದಿಯನ್ನೆಲ್ಲ ಕೂರಿಸಿ, ಹತ್ತಿರದ ವೇ ಬ್ರಿಡ್ಜಿನಲ್ಲಿ ಮುಂದಿನ ಅಚ್ಚು, ಹಿಂದಿನ ಅಚ್ಚುಗಳನ್ನು ಬೇರೆಬೇರೆಯಾಗಿ ತೂಗಿಸಬೇಕು. ಅದಕ್ಕೆ ತಗಲುವ ಅಲ್ಪ ವೆಚ್ಚ ಇಡೀ ವ್ಯವಹಾರದಲ್ಲೇ ಅತ್ಯಂತ ಸಾರ್ಥಕವಾದ ವೆಚ್ಚ.

ಮೂರು ಬಗೆಯ ನೆಲ

ಈ ಮೂರು ತಾಲೂಕುಗಳಲ್ಲಿ ಹಾದಿಗೆ ಮೂರು ಮುಖಗಳು. ಒಂದು ಮರಳು. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಅರಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಅಲ್ಲಿ ನಿಂತವರಿಗೆ ಬಂಡಿಯನ್ನು ನೀರಿನಂಚಿಗೇ ಇಳಿಸಿಬಿಡೋಣವೆಂದು ತೋರುವುದು ಸಹಜ. ಆದರೆ ಮರಳಿಗೆ ತೂಕವೇ ಶತ್ರು. ಎರಡೂವರೆ ಮೂರು ಟನ್ನಿನ ಬಂಡಿ ಸಡಿಲು ಮರಳಿಗಿಳಿದರೆ ನಾಲ್ಕು ಚಕ್ರಗಳೂ ತಿರುಗಿ ತಮ್ಮ ಗುಂಡಿಯನ್ನು ತಾವೇ ತೋಡಿಕೊಳ್ಳುತ್ತವೆ; ಉಬ್ಬರ ಏರುವ ಹೊತ್ತಿಗೆ ಹಗ್ಗ ಹಿಡಿಯಲು ಊರವರನ್ನು ಕರೆಯಬೇಕಾಗುತ್ತದೆ. ಟಯರಿನ ಗಾಳಿ ಇಳಿಸಿ ಅಗಲವಾಗಿ ಊರುವಂತೆ ಮಾಡುವ ಉಪಾಯವುಂಟಾದರೂ, ಇಷ್ಟು ಹೊರೆಯಿರುವಾಗ ಗಾಳಿಯನ್ನು ಬಹಳ ಇಳಿಸಿದರೆ ಟಯರೇ ಹಾಳಾಗುತ್ತದೆ. ಅಲ್ಲದೆ ಮರವಂತೆ, ಕುಂದಾಪುರದ ಕೋಡಿ ಮುಂತಾದ ತೀರಗಳು ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡುವ ತಾಣಗಳು. ಮರಳಿನಡಿಯ ಗೂಡಿನ ಮೇಲೆ ಚಕ್ರ ಹರಿದರೆ ಅದನ್ನು ಸರಿಪಡಿಸುವ ಉಪಾಯವಿಲ್ಲ. ಬಂಡಿ ರಸ್ತೆಯಂಚಿನ ಗಟ್ಟಿ ನೆಲದಲ್ಲೇ ನಿಲ್ಲಲಿ. ಕಡಲಿಗೆ ಮನುಷ್ಯರು ನಡೆದು ಹೋಗಲಿ.

ಎರಡನೆಯದು ಮುರಕಲ್ಲಿನ ನೆಲ. ಹಾಡಿ, ತೋಟ, ಗದ್ದೆಗಳ ನಡುವಿನ ಒಳದಾರಿಗಳು ಬೇಸಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಪಾಚಿ ಕಟ್ಟಿದ ಜಾರುಬಂಡೆ. ಇಲ್ಲಿ ಎಂಜಿನಿನ ಬಲಕ್ಕಿಂತ ಬಂಡಿಯ ಎತ್ತರ, ಅಗಲಗಳೇ ಮುಖ್ಯ. ಮಾಡಿನ ಎತ್ತರ ಹತ್ತಡಿಗೆ ಮುಟ್ಟಿದರೆ ಹಲಸಿನ ಕೊಂಬೆ, ಜೋತುಬಿದ್ದ ತಂತಿ ಎಲ್ಲವೂ ತಡೆಯೇ. ಹಿಂಬದಿ ಹೆಚ್ಚು ಚಾಚಿದ್ದರೆ ತೋಡು ದಾಟುವಾಗ ನೆಲಕ್ಕೆ ಉಜ್ಜುತ್ತದೆ. ರಾತ್ರಿ ತಂಗುವಾಗ ತೆಂಗಿನ ಮರದ ನೆರಳು ಹಿತವೆಂದು ಅದರ ಬುಡದಲ್ಲೇ ನಿಲ್ಲಿಸಬಾರದೆಂದು ಕರಾವಳಿಯವರಿಗೆ ಬೇರೆ ಹೇಳಬೇಕಿಲ್ಲ. ಬೆಂಗಳೂರಿನಿಂದ ಬಂದವರಿಗೆ ಹೇಳಬೇಕು.

ಮೂರನೆಯದು ಘಟ್ಟ. ಬ್ರಹ್ಮಾವರದಿಂದ ಹೆಬ್ರಿಯ ಮೇಲೆ ಆಗುಂಬೆ; ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿಯ ಮೇಲೆ ಬಾಳೆಬರೆ; ಬೈಂದೂರಿನಿಂದ ಕೊಲ್ಲೂರು, ನಾಗೋಡಿ. ಏರುವಾಗ ಎಂಜಿನಿನ ಪರೀಕ್ಷೆ ಎಂದು ಜನ ತಿಳಿಯುತ್ತಾರೆ. ನಿಜವಾದ ಪರೀಕ್ಷೆ ಇಳಿಯುವಾಗ ಬ್ರೇಕಿನದು. ಮಿತಿಮೀರಿ ಹೇರಿದ ಬಂಡಿಯನ್ನು ಬ್ರೇಕೊಂದನ್ನೇ ನಂಬಿ ಇಳಿಸಿದರೆ ಅದು ಕಾದು ಕೈಕೊಡುತ್ತದೆ. ಏರಿದ ಗೇರಿನಲ್ಲೇ ಇಳಿಯಬೇಕೆಂಬುದು ಲಾರಿಚಾಲಕರ ಹಳೆಯ ಪಾಠ. ನಾಲ್ಕು ಚಕ್ರದ ಬಂಡಿಗಳಲ್ಲಿರುವ ತಗ್ಗಿದ ಗೇರುಗಳ ಎರಡನೆಯ ಸಾಲು ಕೆಸರಿಗಷ್ಟೇ ಅಲ್ಲ, ಇಂತಹ ಕಡಿದಾದ ಕಚ್ಚಾ ಇಳಿಜಾರಿಗೂ ಬೇಕು. ಇನ್ನು ತಿರುವುಗಳಲ್ಲಿ ಭಾರ ಮೇಲ್ಭಾಗದಲ್ಲಿದ್ದಷ್ಟೂ ಬಂಡಿ ಹೊರಕ್ಕೆ ವಾಲುತ್ತದೆ. ಮಾಡಿನ ಮೇಲೆ ಸೌರಫಲಕ ಇರಲಿ, ಸಾಮಾನು ಬೇಡ.

ಕೊಡಚಾದ್ರಿಯ ಪಾಠ

ಕೊಲ್ಲೂರಿಗೆ ಬಂದವರು ಅಲ್ಲಿಂದ ಕೊಡಚಾದ್ರಿಗೆ ಹೋಗುವುದುಂಟು. 1,343 ಮೀಟರು ಎತ್ತರದ ಈ ಗಿರಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನದು. ಮೇಲೆ ಮೂಲ ಮೂಕಾಂಬಿಕೆಯ ಗುಡಿಯೂ ಸರ್ವಜ್ಞಪೀಠವೂ ಇವೆ. ಅದರ ಕೊನೆಯ ಹಾದಿಯನ್ನು ರಸ್ತೆ ಎನ್ನುವುದಕ್ಕಿಂತ ಕಲ್ಲುಕೊರಕಲು ಎನ್ನುವುದೇ ಸರಿ. ಅಲ್ಲಿ ಯಾತ್ರಿಕರನ್ನು ಒಯ್ಯುತ್ತಿರುವುದು ಬಾಡಿಗೆಯ ಜೀಪುಗಳು. ನೋಟಕ್ಕೆ ಸಾಧಾರಣವಾದವು. ಆದರೆ ಗಿಡ್ಡ ಮೈ, ಕಡಿಮೆ ಭಾರ, ಎತ್ತರದ ಹೊಟ್ಟೆ, ಹಾದಿಯ ಒಂದೊಂದು ಕಲ್ಲನ್ನೂ ಬಲ್ಲ ಚಾಲಕ: ಇವಿಷ್ಟೂ ಕೂಡಿದ್ದರಿಂದ ಅವು ಏರುತ್ತವೆ.

ಮನೆ ಹೊತ್ತ ಬಂಡಿಗೆ ಈ ನಾಲ್ಕರಲ್ಲಿ ಮೊದಲ ಎರಡು ಎಂದಿಗೂ ಸಿದ್ಧಿಸುವುದಿಲ್ಲ. ಇದನ್ನು ಒಪ್ಪಿಕೊಳ್ಳುವುದೇ ಆಯ್ಕೆಯ ಕಟ್ಟಕಡೆಯ ವಿವೇಕ. ಲೋಕದ ಎಲ್ಲ ದಾರಿಯನ್ನೂ ಗೆಲ್ಲುವ ಬಂಡಿಯನ್ನು ಹುಡುಕುತ್ತ ಸಾಲ ಮಾಡುವ ಬದಲು, ಕಚ್ಚಾದಾರಿಯಲ್ಲಿ ನಂಬಿಕೆಯಿಂದ ಸಾಗಿ ಕೊಲ್ಲೂರಿನವರೆಗೆ ಮನೆಯನ್ನು ಮುಟ್ಟಿಸುವ ಬಂಡಿಯನ್ನು ಕೊಳ್ಳಬೇಕು. ಅಲ್ಲಿ ಮನೆಯನ್ನು ನಿಲ್ಲಿಸಿ ಜೀಪಿಗೆ ಬಾಡಿಗೆ ಕೊಟ್ಟು ಗಿರಿಯೇರಬೇಕು. ಜೀಪಿನವರಿಗೂ ನಾಲ್ಕು ಕಾಸು, ತಮ್ಮ ಅಚ್ಚಿಗೂ ಆಯುಸ್ಸು.

ಕಾನೂನು, ಉಪ್ಪು, ಗಾಳಿ

ಬಂಡಿ ಕೊಂಡೊಡನೆ ಬಡಗಿಯನ್ನು ಕರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿಯ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸುವುದು ಸಲ್ಲದು. ಸಾರಿಗೆ ಇಲಾಖೆಯ ವರ್ಗೀಕರಣದಲ್ಲಿ ಕ್ಯಾಂಪರ್ ವಾಹನಗಳಿಗೆ ಪ್ರತ್ಯೇಕ ಸ್ಥಾನವುಂಟು. ಕೋಣೆಯ ನಕ್ಷೆ, ತೂಕಗಳೊಡನೆ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಂಡು ಒಪ್ಪಿಗೆ ಪಡೆದು, ವಿಮೆಯ ಕಂಪನಿಗೂ ತಿಳಿಸುವುದು ಕ್ಷೇಮ. ಬಂಡಿ ಓಡುವಾಗ ಹಿಂದಿನ ಕೋಣೆಯಲ್ಲಿ ಯಾರೂ ಮಲಗಿರಬಾರದು. ಎಲ್ಲರೂ ಮುಂದಿನ ಆಸನಗಳಲ್ಲಿ ಪಟ್ಟಿ ಬಿಗಿದು ಕುಳಿತಿರಬೇಕು.

ಕಡಲ ಗಾಳಿಯ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ತೀರದ ತಿರುಗಾಟ ಮುಗಿದೊಡನೆ ಬಂಡಿಯ ಹೊಟ್ಟೆಯಡಿಯನ್ನು ಸಿಹಿನೀರಿನಿಂದ ತೊಳೆಯಬೇಕು. ಕೋಣೆಯ ವಿಷಯದಲ್ಲಿ ನಮ್ಮ ದೋಣಿಗಳೇ ಗುರು: ಪ್ಲೈವುಡ್ಡಿಗೆ ಫೈಬರ್‌ಗ್ಲಾಸಿನ ಹೊದಿಕೆ ಕೊಟ್ಟರೆ ಹಗುರವೂ ಆಯಿತು, ಮಳೆಗೆ ಭದ್ರವೂ ಆಯಿತು. ಸ್ಟೈನ್‌ಬೆಕ್ ಬಯಸಿದ ದೋಣಿಕೋಣೆಯ ಮಾದರಿ ಕುಂದಾಪುರದವರಿಗೆ ಪರದೇಶದ ಮಾತಲ್ಲ. ಒಲೆ ಉರಿಯುವಾಗ ಕಿಟಕಿ ತೆರೆದಿರಲೇಬೇಕು. ಮುಚ್ಚಿದ ಕೋಣೆಯಲ್ಲಿ ಉಂಟಾಗುವ ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ, ಕರುಣೆಯೂ ಇಲ್ಲ. ಅಡಿಗೆ ಅನಿಲ ಗಾಳಿಗಿಂತ ಭಾರ; ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಅದು ಹೊರಹೋಗಲು ಬುಡದಲ್ಲೊಂದು ಕಂಡಿ ಬೇಕು.

ಇನ್ನು ಕಾಲದ ಮಾತು. ಈ ವಿಷಯದಲ್ಲೂ ಮೇಳಗಳೇ ದಾರಿ ತೋರಿವೆ. ಮಳೆಗಾಲ ಕಳೆದ ಮೇಲೆ ತಿರುಗಾಟಕ್ಕೆ ಹೊರಟು, ಮುಂದಿನ ಮಳೆ ಹಿಡಿಯುವ ಮುನ್ನ ಗೆಜ್ಜೆ ಬಿಚ್ಚುವುದು ಅವುಗಳ ವಾಡಿಕೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಘಟ್ಟದಲ್ಲಿ ಗುಡ್ಡ ಜರಿಯುವುದೂ, ಭಾರಿ ವಾಹನಗಳಿಗೆ ದಾರಿ ಕಟ್ಟುವುದೂ ಅಪರೂಪವಲ್ಲ. ಆ ನಾಲ್ಕು ತಿಂಗಳು ಬಂಡಿ ಕೊಟ್ಟಿಗೆಯಲ್ಲಿರಲಿ. ಸ್ಪ್ರಿಂಗಿಗೆ ಎಣ್ಣೆ, ಕೋಣೆಗೆ ಬಣ್ಣ ಬೀಳಲಿ.

ನವೆಂಬರಿನ ಒಂದು ಬೆಳಗ್ಗೆ ಬ್ರಹ್ಮಾವರದ ಆ ಕುಟುಂಬ ವೇ ಬ್ರಿಡ್ಜಿನ ಮೇಲೆ ಬಂಡಿ ನಿಲ್ಲಿಸಿ, ಚೀಟಿ ಕೈಗೆ ಬರುವುದನ್ನೇ ಕಾಯುತ್ತಿದೆ ಎಂದುಕೊಳ್ಳೋಣ. ಅದರಲ್ಲಿ 800 ಕಿಲೋ ಹೊರೆ ಎಂದು ಬಂದರೆ, ಮಕ್ಕಳು ಹೊರಡುವ ಗಡಿಬಿಡಿಯಲ್ಲಿ ಅಡಗಿಸಿಟ್ಟ ಕೇರಂ ಹಲಗೆಯನ್ನು ತಾಯಿ ಕಂಡರೂ ಕಾಣದಂತಿರಬಹುದು. ಅಷ್ಟು ಔದಾರ್ಯಕ್ಕೆ ಎಡೆಯಿರುವ ಬಂಡಿಯೇ ಸರಿಯಾದ ಬಂಡಿ.